ವಿದ್ಯಾರ್ಥಿಯ ಕಾಯಕವೂ ಮನೆಯ ಅಳತೆಯೂ

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಆಸೆಯ ನಿಷೇಧವನ್ನಷ್ಟೇ ಅದರಲ್ಲಿ ಕಾಣುತ್ತಾರೆ. ಆದರೆ ಅಳತೆಯನ್ನು ನಿರ್ಣಯಿಸಿದವರು ದುಡಿದು ತಂದವರಲ್ಲ, ಮನೆಯಲ್ಲಿದ್ದವರು ಎಂಬ ಅಂಶವು ಗಮನಕ್ಕೆ ಬರುವುದು ವಿರಳ. ಮಗನನ್ನೋ ಮಗಳನ್ನೋ ಈ ವರ್ಷ ಕಾಲೇಜಿಗೆ ಸೇರಿಸಿರುವ ಗೃಹಸ್ಥರು ವಿಚಾರಿಸಬೇಕಾದುದು ಈ ಅಂಶವನ್ನೇ.

ಧಾರವಾಡದಲ್ಲಿ ಪದವಿ ತರಗತಿಗೆ ಸೇರಿದ, ಹಳ್ಳಿಯಿಂದ ಬಂದ ಒಬ್ಬ ತರುಣನನ್ನು ಭಾವಿಸಬಹುದು. ಅವನಿಗೆ ಎರಡು ಕೆಲಸಗಳು ದೊರೆಯುತ್ತವೆ. ಸುಮಾರು 20 ಕಿಲೋಮೀಟರು ದೂರದ ಹುಬ್ಬಳ್ಳಿಯ ಬಟ್ಟೆಯಂಗಡಿಯಲ್ಲಿ ಸಾಯಂಕಾಲ 5ರಿಂದ 10ರವರೆಗೆ ದುಡಿದರೆ ತಿಂಗಳಿಗೆ 9000 ರೂಪಾಯಿ. ಕಾಲೇಜಿನ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಮೂರು ಗಂಟೆ ದುಡಿದರೆ 4800. ಊರಿನಲ್ಲಿ ಸಾಲವಿದೆ. ತಂದೆಯ ಮನಸ್ಸು ಸಹಜವಾಗಿಯೇ ಮೊದಲನೆಯದರ ಕಡೆಗೆ ವಾಲುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕುವುದು ಅವಶ್ಯ. ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆಯೂ 50 ರೂಪಾಯಿಯೂ ಬೇಕಾದರೆ, 26 ದಿನಗಳ ತಿಂಗಳಿನಲ್ಲಿ 1300 ರೂಪಾಯಿ ಬಸ್ಸಿಗೇ ಸಲ್ಲುತ್ತದೆ. ಉಳಿದ 7700 ರೂಪಾಯಿಗಾಗಿ ಅವನು ಕೊಟ್ಟದ್ದು 169 ಗಂಟೆ. ಗಂಟೆಗೆ 46 ರೂಪಾಯಿಯೂ ಬೀಳುವುದಿಲ್ಲ. ಸಮೀಪದ ಅಂಗಡಿಯಲ್ಲಿ 78 ಗಂಟೆಗೆ 4800. ಗಂಟೆಗೆ 61 ರೂಪಾಯಿಗಿಂತ ಮೇಲು. ದೊಡ್ಡದೆಂದು ತೋರಿದ ಸಂಬಳವೇ ಚಿಕ್ಕದು! ಹೆಚ್ಚಾಗಿ ಬಂದ 2900 ರೂಪಾಯಿಗೆ ತಿಂಗಳಲ್ಲಿ 91 ಗಂಟೆಗಳನ್ನು ತೆರಬೇಕಾಯಿತು. ಆ ಗಂಟೆಗಳು ಬಂದುದಾದರೂ ಎಲ್ಲಿಂದ? ರಾತ್ರಿಯ ಓದಿನಿಂದ, ಆಮೇಲೆ ನಿದ್ರೆಯಿಂದ, ಕಡೆಗೆ ಬೆಳಗಿನ ತರಗತಿಯಿಂದ. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಶೇಕಡಾ 75ರಷ್ಟು ಹಾಜರಿ ಇರತಕ್ಕದ್ದು. ಹಾಜರಿ ಕಡಿಮೆಯಾಗಿ ಒಂದು ಅವಧಿ ತಪ್ಪಿತೆಂದರೆ, ಪುನಃ ಕಟ್ಟುವ ಶುಲ್ಕವೂ ಕಳೆದುಹೋದ ಕಾಲವೂ ಆ ಹೆಚ್ಚಿನ ಗಳಿಕೆಯನ್ನು ನುಂಗಿಬಿಡುತ್ತವೆ. ಮೊದಲ ವರ್ಷದಲ್ಲಿಯೇ ಓದನ್ನು ಬಿಟ್ಟು ಅಂಗಡಿಯಲ್ಲಿ ಉಳಿದುಬಿಡುವ ತರುಣರು, ಬಿಡಬೇಕೆಂದು ನಿಶ್ಚಯಿಸಿ ಬಿಟ್ಟವರಲ್ಲ. ಗಂಟೆ ಗಂಟೆಯಾಗಿ ಜಾರಿದವರು.

ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರುತ್ತಿರುವುದನ್ನು ನೆನಪಿಸಿದವರೂ ಲಕ್ಕಮ್ಮನವರೇ. ವಿದ್ಯಾರ್ಥಿಗೆ ಮುಖ್ಯ ಕಾಯಕವು ವಿದ್ಯೆ. ಅಂಗಡಿಯ ಕೆಲಸವು ಅದಕ್ಕೆ ಊರುಗೋಲು. ಆದುದರಿಂದ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಸಿಗುತ್ತದೆ ಎಂಬುದಲ್ಲ, ಎಷ್ಟು ಸಾಕು ಎಂಬುದು. ಕೋಣೆಯ ಬಾಡಿಗೆ, ಊಟ, ಪುಸ್ತಕ, ಇವುಗಳನ್ನು ಕೂಡಿಸಿ ಆ ಮೊತ್ತವನ್ನು ಒಂದು ಕಾಗದದಲ್ಲಿ ಬರೆಯಬೇಕು. ಹಿಂದಿನವರು ವಾರಾನ್ನ ಉಂಡು ಓದಿದರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದ ಮಠಗಳ ಪ್ರಸಾದನಿಲಯಗಳು ಹಸಿವು ಓದನ್ನು ಕೆಡಿಸಬಾರದೆಂದೇ ಹುಟ್ಟಿದವು. ಪ್ರಸಾದನಿಲಯವೋ ಸರಕಾರಿ ವಸತಿನಿಲಯವೋ ವಿದ್ಯಾರ್ಥಿವೇತನವೋ ದೊರೆತರೆ ಆ ಮೊತ್ತವು ಅರ್ಧಕ್ಕಿಳಿಯಲೂಬಹುದು. ಆಗ ಚಿಕ್ಕ ಕೆಲಸವೇ ಸಾಕಾಗುತ್ತದೆ. ಅರ್ಜಿ ಹಾಕುವ ಮೊದಲೇ ಕೆಲಸ ಹುಡುಕುವುದು ವಿಪರೀತ ಕ್ರಮ.

ಕೆಲಸದ ಮೇಲುಕೀಳಿನ ಮಾತನ್ನು ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಬಟ್ಟೆ ಒಗೆದ ಮಾಚಯ್ಯನವರನ್ನೂ ಹಗ್ಗ ಹೊಸೆದ ಚಂದಯ್ಯನವರನ್ನೂ ಪೂಜ್ಯರೆಂದು ನೆನೆಯುವ ಮನೆಯಲ್ಲಿ, ಮಗನು ಖಾನಾವಳಿಯಲ್ಲಿ ತಟ್ಟೆ ತೊಳೆದರೆ ನೆಂಟರು ಏನೆಂದಾರೋ ಎಂಬ ಚಿಂತೆ ಹುಟ್ಟುವುದು ವಿಚಿತ್ರವೇ ಸರಿ. ನೋಡಬೇಕಾದುದು ಶುದ್ಧಿಯನ್ನು. ಸೇರುವ ಮೊದಲೇ ಠೇವಣಿ ಕೇಳುವ ಕೆಲಸವನ್ನು ಸಂಶಯದಿಂದಲೇ ನೋಡಬೇಕು. ಈಚಿನ ದಿನಗಳಲ್ಲಿ ಇನ್ನೊಂದು ಅಪಾಯವಿದೆ: ತರುಣರ ಬ್ಯಾಂಕು ಖಾತೆಯನ್ನು ಬಳಸಲು ಕೇಳಿ, ಬಂದ ಹಣವನ್ನು ಮುಂದಕ್ಕೆ ಕಳುಹಿಸಿದರೆ ಕಮಿಷನ್ ಕೊಡುವೆವೆನ್ನುವವರಿದ್ದಾರೆ. ಅದು ವಂಚನೆಯ ಹಣವಾಗಿದ್ದರೆ ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಶ್ರಮವಿಲ್ಲದೆ ಬರುವ ಆ ಕಾಸನ್ನು ಶರಣರು ಕಾಯಕವೆಂದು ಕರೆಯುತ್ತಿರಲಿಲ್ಲ.

ಸಮೀಪದ ಕೆಲಸವನ್ನೇ ಆರಿಸಿಕೊಂಡ ಮೇಲೂ ಮಾಲೀಕರೊಡನೆ ಎರಡು ಮಾತುಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು: ಪರೀಕ್ಷೆಯ ದಿನಗಳ ರಜೆ, ಸಂಬಳ ಕೈಸೇರುವ ತಾರೀಖು. ಸಂಕೋಚದಿಂದ ಬಾಯಿಬಿಡದ ಹುಡುಗನ ಜೊತೆಗೆ ಮೊದಲ ದಿನ ತಂದೆಯೇ ಹೋದರೂ ತಪ್ಪಿಲ್ಲ. ಇನ್ನು ಊರಿನ ಸಾಲದ ವಿಷಯ. ಅದನ್ನು ತೀರಿಸುವ ಭಾರವನ್ನು ಮೂರು ವರ್ಷಗಳ ಮಟ್ಟಿಗೆ ಯಾರು ಹೊರಬೇಕೆಂಬುದನ್ನು ತಂದೆ, ತಾಯಿ, ಅಣ್ಣಂದಿರು ಕುಳಿತು ತೀರ್ಮಾನಿಸಬೇಕು. ಆ ಮಾತುಕತೆಯು ಹುಡುಗನ ಎದುರಿನಲ್ಲಿಯೇ, ಅವನು ಹಾಸಿಗೆ ಕಟ್ಟಿಕೊಂಡು ಊರು ಬಿಡುವ ಮೊದಲೇ ನಡೆಯಬೇಕು.