ಕೆರೆ ನೀರು ಹೇಗಿದೆ?

ಬನ್ನಿ, ಇವತ್ತಿನ ಪಾಠ ಕೆರೆ ದಂಡೆಯಲ್ಲಿ. ನಮ್ಮ ಬಡಾವಣೆಯ ಕೆರೆ ಆಳವಿಲ್ಲ, ಎದೆಮಟ್ಟದ ನೀರು. ದನ ಕುಡಿಯುವುದು ಇಲ್ಲೇ. ಮಕ್ಕಳು ಈಜೋದೂ ಇಲ್ಲೇ.

ನಸುಕಿನಲ್ಲೇ ಬಂದೆವು. ಯಾಕೆ? ಹಗಲು ಬಿಸಿಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಕೊಡುವುದಿಲ್ಲ. ತಾನೇ ಉಸಿರಾಡಿ ಇದ್ದದ್ದನ್ನೂ ಬಳಸುತ್ತದೆ. ಬೆಳಗಾಗುವಾಗ ಆಮ್ಲಜನಕ ತೀರಾ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ನೋಡಿ, ಇಲ್ಲಿಯೂ ಬಿಡುತ್ತಿವೆ.

ಬಿಸಿಲೇರಿತು. ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಸೋಣ. ತಟ್ಟೆ ಕಾಣದಾದ ಕೂಡಲೇ ಹಗ್ಗ ಅಳೆಯೋಣ. ಒಂದು ಗೇಣಿಗೇ ತಟ್ಟೆ ಮಾಯ! ನೀರು ಹಸಿರಾಗಿದೆ. ಅದು ಪಾಚಿ. ಕೆಂಪಗಿದ್ದರೆ ಮಣ್ಣು ಅನ್ನಬಹುದಿತ್ತು. ತಿಳಿ ನೀರಾದರೂ ಹಾಗೇ ಕುಡಿಯಬಾರದು. ರೋಗಾಣು ಕಣ್ಣಿಗೆ ಕಾಣೋದಿಲ್ಲ.

ದಂಡೆಯ ಜೊಂಡು ಇರಲಿ, ಅದರಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ನೇರಳೆ ಹೂವಿನ ತೇಲುವ ಗಿಡ ಮಾತ್ರ ಬೇಡ. ಹೂವೇನೋ ಚೆಂದ! ದಕ್ಷಿಣ ಅಮೆರಿಕದಿಂದ ಬಂದ ಕಳೆ ಇದು. ಚರಂಡಿ ನೀರೇ ಇದಕ್ಕೆ ಗೊಬ್ಬರ. ಕೆರೆ ತುಂಬ ಹರಡಿದರೆ ಬೆಳಕು ಕೆಳಗೆ ಇಳಿಯೋದಿಲ್ಲ. ಕಿತ್ತು ದಂಡೆಯಲ್ಲೇ ಬಿಟ್ಟರೆ ಕೊಳೆತು ಮತ್ತೆ ನೀರಿಗೇ ಸೇರುತ್ತದೆ. ದೂರ ಸಾಗಿಸಬೇಕು.

ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಚರಂಡಿ ನೀರು ಸೇರಿತು. ನೊರೆ ಉಕ್ಕಿ ರಸ್ತೆಗೆ ಬಂತು. 2015ರಲ್ಲಿ, ಮತ್ತೆ 2017ರಲ್ಲಿ ಆ ಕೆರೆಯಲ್ಲಿ ಬೆಂಕಿಯೇ ಹತ್ತಿತು!

ನಮ್ಮ ಕೆರೆಗೆ ಎಷ್ಟು ಚರಂಡಿ ಬೀಳುತ್ತವೆ? ಸುತ್ತಿ ಎಣಿಸಿದೆವು. ಮೂರು. ಪುರಸಭೆಗೆ ಅರ್ಜಿ ಬರೆದಿದ್ದೇವೆ. ಓದಿ ನೋಡಿ. ತಪ್ಪಿದ್ದರೆ ತಿದ್ದಿ. ಕೆಳಗೆ ನಿಮ್ಮ ನಿಮ್ಮ ಸಹಿ ಹಾಕಿ. ಈ ಸಲ ಹೆಬ್ಬೆಟ್ಟು ಬೇಡ.