ತಿರುಗುವ ಚೌಕ

ಕಲಾ ಕಾಲೇಜಿನ ಸಂಚಿಕೆಯಲ್ಲಿ ಕಟ್ಟಡ ವಿನ್ಯಾಸದ ಪಾಠವೇಕೆಂದು ವಾಚಕರು ಕೇಳಬಹುದು. ನಾನು ರೋಣದಲ್ಲಿ ಹುಟ್ಟಿ ಬೆಳೆದವನು. ಈಗ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಗಣಕಯಂತ್ರದ ನೆರವಿನಿಂದ ನಕ್ಷೆ ರಚಿಸುವ ವಿದ್ಯೆಯನ್ನು ಕಲಿಸುತ್ತಿದ್ದೇನೆ. ಈ ವಿದ್ಯೆ ದೂರದ ಪಟ್ಟಣದವರದು, ನಮ್ಮ ಭಾಗದ ಮಕ್ಕಳಿಗೆ ನಿಲುಕುವಂಥದಲ್ಲ ಎಂಬ ಮಾತನ್ನು ಊರಿಗೆ ಬಂದಾಗಲೆಲ್ಲ ಕೇಳುತ್ತೇನೆ. ಈ ಅಂಜಿಕೆಯನ್ನು ಕಳೆಯುವದಕ್ಕಾಗಿಯೇ ಈ ಲೇಖನ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಪ್ಯಾರಾಮೀಟರು ಎಂದರೆ ಒಂದು ನಿಯಮದೊಳಗೆ ಬದಲಾಗಬಲ್ಲ ಅಂಕಿ. ಗಜೇಂದ್ರಗಡದ ನೇಕಾರನು ಪಟ್ಟೇದ ಅಂಚಿನ ಸೀರೆಗೆ ಹಾಸು ಹೂಡುವಾಗ ಚೌಕಳಿಯೊಂದಕ್ಕೆ ಇಷ್ಟು ಎಳೆ ಎಂದು ಎಣಿಸಿಕೊಳ್ಳುತ್ತಾನೆ. ಎಳೆಗಳ ಲೆಕ್ಕ ಬದಲಾದರೆ ಚೌಕಳಿ ಹಿರಿದಾಗುವದು ಇಲ್ಲವೆ ಕಿರಿದಾಗುವದು. ನೇಯುವ ಕ್ರಮ ಮಾತ್ರ ಬದಲಾಗದು. ಕಟ್ಟಡದ ನಕ್ಷೆಯನ್ನೂ ಹೀಗೆಯೇ ನಿಯಮ ಮತ್ತು ಅಂಕಿಗಳಿಂದ ಹೆಣೆಯುವದಕ್ಕೆ ಪ್ಯಾರಾಮೆಟ್ರಿಕ್ ವಿನ್ಯಾಸವೆನ್ನುವರು. ಇಟಲಿಯ ವಾಸ್ತುಶಿಲ್ಪಿ ಲೂಯಿಜಿ ಮೊರೆಟ್ಟಿಯು ಈ ಬಗೆಯಲ್ಲಿ ರೂಪಿಸಿದ ಕ್ರೀಡಾಂಗಣದ ಮಾದರಿಗಳನ್ನು 1960ರಲ್ಲಿ ಮಿಲಾನ್ ನಗರದಲ್ಲಿ ಪ್ರದರ್ಶಿಸಿದನು. 2007ರಲ್ಲಿ ಡೇವಿಡ್ ರುಟೆನ್ ಎಂಬಾತನು ರಚಿಸಿದ ತಂತ್ರಾಂಶವು, ಮುಂದೆ ಗ್ರಾಸ್‌ಹಾಪರ್ ಎಂದು ಹೆಸರಾಗಿ, ಈ ಕೆಲಸವನ್ನು ಸಾಮಾನ್ಯ ವಿದ್ಯಾರ್ಥಿಯ ಕೈಗೆ ತಂದಿತು.

ನಾನು ಮೊದಲು ಕಲಿಸಿದ ರೀತಿಯೇ ತಪ್ಪಾಗಿತ್ತು. ಪರದೆಯ ಮೇಲಿನ ಗುಂಡಿಯನ್ನು ಅತ್ತಿತ್ತ ಎಳೆದರೆ ಆಕಾರ ಬದಲಾಗುವದನ್ನು ತೋರಿಸಿದೆ. ಮರುವಾರ ಮೂವತ್ತು ಜನ ಮೂವತ್ತು ತಿರುಚಿದ ಗೋಪುರಗಳನ್ನು ತಂದರು. "ಇಷ್ಟೇ ಏಕೆ ತಿರುಚಿದಿರಿ?" ಎಂದು ಕೇಳಿದೆ. ಒಬ್ಬರೂ ಉತ್ತರಿಸಲಿಲ್ಲ. ನಿಯಮವನ್ನು ಕಲಿಸದೆ ಅಂಕಿಯನ್ನು ಕೈಗೆ ಕೊಟ್ಟ ತಪ್ಪು ನನ್ನದೇ.

ಅದಾದ ಬಳಿಕ ಅವರನ್ನು ನಮ್ಮ ಜಿಲ್ಲೆಗೆ ಕರೆತಂದೆ. ಮೊದಲು ಸೂಡಿಯ ಜೋಡು ಕಳಸದ ಗುಡಿಯನ್ನು ನೋಡಿದೆವು. ಅಲ್ಲಿ ಎದುರುಬದುರಾದ ಎರಡು ಗರ್ಭಗುಡಿಗಳಿಗೂ ಚೌಕವೇ ಮೂಲ. ಅಲ್ಲಿಂದ ಗದಗಿನ ಮಾರ್ಗವಾಗಿ ಡಂಬಳಕ್ಕೆ ಹೋದೆವು. ಅಲ್ಲಿಯ ದೊಡ್ಡಬಸಪ್ಪನ ಗುಡಿಯು 12ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಶೈಲಿಯದು. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಹುಡುಗರು ಸುತ್ತು ಹಾಕಿ ಹಾಕಿ ಎಣಿಸಿ ತಬ್ಬಿಬ್ಬಾದರು.

ಕಟ್ಟೆಯ ಮೇಲೆ ಕುಳಿತು, ಒಂದೇ ಅಳತೆಯ ಆರು ಚೌಕಗಳನ್ನು ಕಾಗದದಲ್ಲಿ ಕತ್ತರಿಸಿ, ನಡುವೆ ಒಂದೇ ಗುಂಡುಸೂಜಿಯನ್ನು ಚುಚ್ಚಲು ಹೇಳಿದೆ. ಒಂದೊಂದು ಚೌಕವನ್ನೂ ಅದರ ಕೆಳಗಿನದಕ್ಕಿಂತ 15 ಡಿಗ್ರಿ ಹೆಚ್ಚು ತಿರುಗಿಸಿದಾಗ ಡಂಬಳದ ನಕ್ಷತ್ರ ಅವರ ತೊಡೆಯ ಮೇಲೆಯೇ ಮೂಡಿತು. ನಿಯಮ ಸುಲಭವಾದದ್ದು: 90ನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ತಿರುಗಿಸಬೇಕಾದ ಕೋನ, ಆ ಸಂಖ್ಯೆಯನ್ನು 4ರಿಂದ ಗುಣಿಸಿದರೆ ಮೂಲೆಗಳು. ಎರಡು ಚೌಕ, 45 ಡಿಗ್ರಿ, 8 ಮೂಲೆ. ನಾಲ್ಕು ಚೌಕ, 22.5 ಡಿಗ್ರಿ, 16 ಮೂಲೆ. ಸೋಮನಾಥಪುರದ ಕೇಶವ ದೇವಾಲಯದ ಗರ್ಭಗುಡಿಗಳ ನಕ್ಷತ್ರ ಇದು. ಆರು ಚೌಕ, 15 ಡಿಗ್ರಿ, 24 ಮೂಲೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಚೌಕಗಳು ಎಷ್ಟೇ ಹೆಚ್ಚಲಿ, ಹೊರಮೂಲೆ 90 ಡಿಗ್ರಿಯೇ ಉಳಿಯುವದು. ಕಲ್ಲುಕುಟಿಗನ ಮೂಲೆಮಟ್ಟ ಎಲ್ಲೆಡೆಗೂ ಸಲ್ಲುವದು. ಆದರೆ ಮೂಲೆಗಳ ನಡುವಿನ ತಗ್ಗಿನ ಆಳ ಬದಲಾಗುವದು. ನಡುಬಿಂದುವಿನಿಂದ ಮೂಲೆಯವರೆಗೆ 10 ಅಡಿ ಇದ್ದರೆ, ಎರಡೇ ಚೌಕಗಳ ನಕ್ಷತ್ರದಲ್ಲಿ ತಗ್ಗಿಗೆ ಸುಮಾರು 7.7 ಅಡಿ, ಆರು ಚೌಕಗಳದರಲ್ಲಿ ಸುಮಾರು 8.9 ಅಡಿ. ಚೌಕಗಳು ಹೆಚ್ಚಿದಂತೆ ತಗ್ಗು ತೇಲಿ, ಗೋಡೆ ದುಂಡಾಗುತ್ತ ನಡೆಯುವದು. ತಗ್ಗಿನಲ್ಲಿ ಬೀಳುವ ನೆರಳೂ ತೆಳುವಾಗುವದು. ಹೀಗೆ ಅಂಕಿಯ ಹಿಂದೆ ಬಿಸಿಲಿದೆ, ನೆರಳಿದೆ, ಕುಶಲಿಯ ಕೈ ಇದೆ. "ಇಷ್ಟೇ ಏಕೆ?" ಎಂಬ ಪ್ರಶ್ನೆಗೆ ಅಂದು ಮೊದಲ ಸಲ ಉತ್ತರಗಳು ಬಂದವು.

ಇನ್ನು ದತ್ತಾಂಶದ ಮಾತು. ಮಳೆ, ಬಿಸಿಲು, ಗಾಳಿಗಳ ಲೆಕ್ಕವನ್ನು ಯಂತ್ರಕ್ಕೆ ಉಣಿಸಿ, ಅದರಂತೆ ನಕ್ಷೆಯ ಅಂಕಿಗಳನ್ನು ಗೊತ್ತುಪಡಿಸುವ ರೀತಿಯಿದು. ನಮ್ಮ ವಿದ್ಯಾರ್ಥಿನಿಯೊಬ್ಬಳು ನರಗುಂದಕ್ಕೊಂದು ವಾಚನಾಲಯದ ನಕ್ಷೆ ಮಾಡಿದಳು. ಮಾಳಿಗೆ 60 ಚದರ ಮೀಟರು; ಜೋರಾದ ಮಳೆಯ ಒಂದು ದಿನಕ್ಕೆ 50 ಮಿಲಿಮೀಟರೆಂದು ಹಿಡಿದಳು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಟ್ಟು 3,000 ಲೀಟರು. ಯಂತ್ರವು ಇದನ್ನು 24 ತಾಸುಗಳಿಗೆ ಹಂಚಿ, ನಿಮಿಷಕ್ಕೆ ಎರಡು ಲೀಟರೆಂದು ಎಣಿಸಿ, ಬೆರಳು ದಪ್ಪದ ಕೊಳವೆ ಸಾಕೆಂದಿತು. ನಾನೂ ಕಣ್ಣುಮುಚ್ಚಿ ಒಪ್ಪಿದೆ.

ನರಗುಂದದಲ್ಲಿ ಹಳೆಯ ಮಣ್ಣಿನ ಮಾಳಿಗೆಯೊಂದನ್ನು ಅಳೆಯುತ್ತಿದ್ದಾಗ ಆ ಮನೆಯ ಅಜ್ಜಿ ನಕ್ಷೆಯ ವಿಚಾರ ಕೇಳಿ ನಕ್ಕಳು: "ಮಳಿ ದಿನಪೂರ್ತಿ ಹಂಚಿಕೊಂಡು ಬೀಳತೈತೇನವಾ? ಬಂದರ ಒಂದ ತಾಸಿನಾಗ ಬಂದು ಹೊಕ್ಕೈತಿ. ಆಗ ನೀರ ಹೊರಗ ಹೋಗಲಿಲ್ಲಂದ್ರ ಗ್ವಾಡಿನ ಕುಸಿತೈತಿ."

ಹುಡುಗಿ ಅಲ್ಲಿಯೇ ಮತ್ತೆ ಲೆಕ್ಕ ಹಾಕಿದಳು. ಅದೇ 3,000 ಲೀಟರು ಒಂದು ತಾಸಿನಲ್ಲಿ ಬಂದರೆ ನಿಮಿಷಕ್ಕೆ 50 ಲೀಟರು! ನಾವು ಎಣಿಸಿದ್ದಕ್ಕಿಂತ 24 ಪಾಲು ಹೆಚ್ಚು. ಯಂತ್ರದ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಆ ನಕ್ಷೆಯಂತೆ ಕಟ್ಟಿದ್ದರೆ ನೀರು ಪುಸ್ತಕಗಳ ಮೇಲೆ ಇಳಿಯುತ್ತಿತ್ತು. ಅಂದಿನಿಂದ ನಮ್ಮ ತರಗತಿಯಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ: ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಎಷ್ಟು ಹೊತ್ತಿನ ಲೆಕ್ಕ, ಆ ಊರಿನಲ್ಲಿ ಯಾರನ್ನು ಕೇಳಿ ತಾಳೆ ನೋಡಿದಿರಿ ಎಂದು ಬರೆಯಲೇಬೇಕು. ಬರೆಯದ ನಕ್ಷೆಯನ್ನು ನಾನು ನೋಡುವದಿಲ್ಲ.

ಈ ಕೊನೆಯ ಕೆಲಸ ಕಲಾ ವಿದ್ಯಾರ್ಥಿಗಳಾದ ನಿಮಗೆ ಹೊಸದಲ್ಲ. ಇತಿಹಾಸ ಓದುವವರು ಶಾಸನದ ಸಾಕ್ಷ್ಯವನ್ನು ಒರೆಗೆ ಹಚ್ಚುವದನ್ನು ಬಲ್ಲರು. ಭೂಗೋಲದವರು ಮಳೆಯ ಸ್ವಭಾವವನ್ನು ಬಲ್ಲರು. ಸಮಾಜಶಾಸ್ತ್ರದವರು ಅಜ್ಜಿಯ ಮುಂದೆ ಕುಳಿತು ಕೇಳುವದನ್ನು ಬಲ್ಲರು. ಯಂತ್ರ ನಡೆಸುವದನ್ನು ಕೆಲ ತಿಂಗಳಲ್ಲಿ ಕಲಿಯಬಹುದು. ಬರುವ ರಜೆಯಲ್ಲಿ ಆರು ಕಾಗದದ ಚೌಕಗಳನ್ನೂ ಒಂದು ಗುಂಡುಸೂಜಿಯನ್ನೂ ತೆಗೆದುಕೊಂಡು ಡಂಬಳಕ್ಕೆ ಹೋಗಿಬನ್ನಿರಿ. ಪಾಠದ ಮೊದಲ ಅರ್ಧ ಅಲ್ಲಿದೆ. ಉಳಿದರ್ಧ ನಿಮ್ಮ ಮನೆಯ ಮಾಳಿಗೆಯ ಮೇಲಿದೆ.