ತೇರಿನ ದಿನದಿಂದ ಹಿಂದಕ್ಕೆ ಎಣಿಸಿ: ಕುಂಡದಲ್ಲಿ ದವನ ಬೆಳೆಸೋದು ಹೇಗೆ?

ಅಡುಗೆ ವಿಡಿಯೋ ನೋಡೋ ಅಭ್ಯಾಸ ಇರೋರಿಗೆ ಟ್ಯಾರಗಾನ್ ಅನ್ನೋ ಹೆಸರು ಗೊತ್ತಿರುತ್ತೆ. ಫ್ರೆಂಚರು ಕೋಳಿ ಅಡುಗೆಗೆ, ಮೊಟ್ಟೆಗೆ, ವಿನೆಗರ್‌ಗೆ ಹಾಕುವ, ಸೋಂಪಿನಂಥ ವಾಸನೆಯ ಸೊಪ್ಪು ಅದು. ಇದನ್ನ ಹಾಸ್ಟೆಲ್ ಬಾಲ್ಕನಿಯಲ್ಲೋ ಮನೆ ತಾರಸಿಯಲ್ಲೋ ಬೆಳೆಯೋಣ ಅಂತ ಕೆಲವರಿಗೆ ಆಸೆ. ಆದರೆ ಅದು ಚಳಿ ದೇಶದ ಗಿಡ. ಚಳಿಗಾಲದಲ್ಲಿ ಮಲಗಿ ವಸಂತದಲ್ಲಿ ಮತ್ತೆ ಚಿಗುರೋದು ಅದರ ಸ್ವಭಾವ. ನಮ್ಮ ಅರಸೀಕೆರೆ ಬಿಸಿಲಲ್ಲಿ ಅದನ್ನ ಉಳಿಸಿಕೊಳ್ಳೋದು ಕಷ್ಟದ ಕೆಲಸ.

ಅದೇ ಕುಲದ ಇನ್ನೊಂದು ಗಿಡ ನಮಗೆ ಚಿಕ್ಕಂದಿನಿಂದ ಗೊತ್ತು. ಅದೇ ದವನ. ನಮ್ಮ ಕಡೆ ಜವನ ಅಂತಲೂ ಕರೀತಾರೆ. ಟ್ಯಾರಗಾನ್‌ನ ಸಸ್ಯಶಾಸ್ತ್ರೀಯ ಹೆಸರು ಆರ್ಟಿಮೀಸಿಯಾ ಡ್ರಾಕನ್‌ಕ್ಯುಲಸ್, ದವನದ್ದು ಆರ್ಟಿಮೀಸಿಯಾ ಪ್ಯಾಲೆನ್ಸ್. ಗಣೇಶನ ಹಬ್ಬದ ಪತ್ರೆಗಳಲ್ಲಿ ಬರೋ ಮಾಚಿಪತ್ರೆಯೂ ಇದೇ ಕುಲದ್ದು. ಚೀನಾದ ವಿಜ್ಞಾನಿ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ತಂದುಕೊಟ್ಟ ಮಲೇರಿಯಾ ಔಷಧಿ ಸಿಕ್ಕಿದ್ದೂ ಇದೇ ಕುಲದ ಆರ್ಟಿಮೀಸಿಯಾ ಆನ್ಯುವಾ ಗಿಡದಿಂದ.

ನೋಡೋಕೆ ದವನ ಸಣ್ಣ ಗಿಡ. ಹೆಚ್ಚೆಂದರೆ ಮೊಣಕಾಲೆತ್ತರ. ಸೀಳು ಸೀಳಾದ ಬೂದುಹಸಿರು ಎಲೆ, ಪುಟ್ಟ ಹಳದಿ ಹೂವಿನ ಗೊಂಚಲು. ತೇರಿನ ದಿನ ಬಾಳೆಹಣ್ಣಿಗೆ ದವನದ ಕಡ್ಡಿ ಸಿಕ್ಕಿಸಿ ರಥದ ಕಡೆ ಎಸೆಯೋದನ್ನ ನಾವೆಲ್ಲ ನೋಡಿದ್ದೀವಿ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಅಂತಲೇ ಹೆಸರು. ಬೇಲೂರು ಚೆನ್ನಕೇಶವನ ರಥೋತ್ಸವ ನಡೆಯೋದೂ ಈ ಹುಣ್ಣಿಮೆಯ ಆಸುಪಾಸಿನಲ್ಲೇ. ಹಾಗಾಗಿ ನಮ್ಮ ಗುರಿ ಸ್ಪಷ್ಟ: ತೇರಿನ ಹೊತ್ತಿಗೆ ನಮ್ಮದೇ ಕುಂಡದ ದವನ ಕೈಯಲ್ಲಿರಬೇಕು.

ಕಡ್ಡಿ ನೆಟ್ಟರೆ ಬರಲ್ಲ, ಯಾಕೆ?

ದವನ ಬೆಳೆಸೋಕೆ ಹೊರಟವರು ಮೊದಲು ತಿಳ್ಕೋಬೇಕಾದ್ದು ಇದು. ಫ್ರೆಂಚ್ ಟ್ಯಾರಗಾನ್ ಬಹುವಾರ್ಷಿಕ ಗಿಡ, ಬೀಜ ಕಟ್ಟೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನ ಕಡ್ಡಿಯಿಂದ ಅಥವಾ ಬುಡ ಬಿಡಿಸಿ ಬೆಳೆಸ್ತಾರೆ. ಮಾಚಿಪತ್ರೆಯೂ ಕಡ್ಡಿಯಿಂದ ಸುಲಭವಾಗಿ ಬರುತ್ತೆ. ದವನ ಹಾಗಲ್ಲ. ಅದು ಒಂದೇ ಋತುವಿನ ಗಿಡ. ಚಳಿಗಾಲದಲ್ಲಿ ಹುಟ್ಟಿ, ಬೇಸಿಗೆ ಶುರುವಾಗುವಾಗ ಹೂ ಬಿಟ್ಟು, ಬೀಜ ಕಟ್ಟಿ ಒಣಗಿ ಹೋಗುತ್ತೆ. ಮಾರ್ಕೆಟ್‌ನಲ್ಲಿ ಸಿಗೋ ಕಟ್ಟು ಹೂ ಬಿಡೋ ಹಂತದ್ದು. ಅಂದ್ರೆ ಆಯುಸ್ಸಿನ ಕೊನೆಗೆ ಬಂದ ಗಿಡ. ಅದನ್ನ ತಂದು ಮಣ್ಣಿಗೆ ಚುಚ್ಚಿ ಬೇರು ಬಿಡುತ್ತೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಆದ್ದರಿಂದ ದವನಕ್ಕೆ ಬೀಜವೇ ದಾರಿ. ಆ ಬೀಜಕ್ಕೂ ಆಯಸ್ಸು ಕಡಿಮೆ, ಮೊಳಕೆ ಶಕ್ತಿ ಬೇಗ ಹೋಗಿಬಿಡುತ್ತೆ. ಹಿಂದಿನ ಬೇಸಿಗೆಯಲ್ಲಿ ಕಟ್ಟಿದ ಬೀಜವನ್ನೇ ಈ ಚಳಿಗಾಲದಲ್ಲಿ ಬಿತ್ತಬೇಕು. ಬೀಜ ಕೊಳ್ಳುವಾಗ ಯಾವ ವರ್ಷದ್ದು ಅಂತ ಕೇಳಿಯೇ ತಗೊಳ್ಳಿ.

ದಿನದ ಲೆಕ್ಕ

ಪ್ರಾಜೆಕ್ಟ್ ಸಬ್‌ಮಿಷನ್ ದಿನ ಗೊತ್ತಿದ್ದರೆ ನಾವು ಅಲ್ಲಿಂದ ಹಿಂದಕ್ಕೆ ಎಣಿಸಿ ಕೆಲಸ ಹಂಚಿಕೊಳ್ತೀವಲ್ಲ, ಇಲ್ಲೂ ಅದೇ. ಬೀಜ ನೆನೆಸಿ ಮೊಳಕೆ ಬರಿಸೋಕೆ 2 ದಿನ, ಸಸಿ ತಟ್ಟೆಯಲ್ಲಿ ಸುಮಾರು 48 ದಿನ, ಕುಂಡದಲ್ಲಿ ಸುಮಾರು 70 ದಿನ. ಒಟ್ಟು 120 ದಿನ, ಅಂದ್ರೆ ನಾಲ್ಕು ತಿಂಗಳು. ಮೋಡ, ಮಳೆ, ಇಂಟರ್ನಲ್ಸ್ ಅಂತ ಇನ್ನೊಂದು 10 ದಿನ ಸೇರಿಸಿ. ಹುಣ್ಣಿಮೆಯಿಂದ 130 ದಿನ ಹಿಂದಕ್ಕೆ ಹೋದರೆ ಬಿತ್ತನೆ ದಿನ ಸಿಗುತ್ತೆ.

ಚಾಂದ್ರಮಾನದ ಹಬ್ಬ ಆದ್ದರಿಂದ ಈ ದಿನ ಪ್ರತಿವರ್ಷ ಜಾರುತ್ತೆ. 2024ರಲ್ಲಿ ಚೈತ್ರ ಹುಣ್ಣಿಮೆ ಏಪ್ರಿಲ್ 23ಕ್ಕೆ ಬಂತು, ಅದರ ಬಿತ್ತನೆ ಲೆಕ್ಕ 2023ರ ಡಿಸೆಂಬರ್ 15. 2025ರಲ್ಲಿ ಏಪ್ರಿಲ್ 12, ಲೆಕ್ಕ ಡಿಸೆಂಬರ್ 3. 2026ರದ್ದು ಏಪ್ರಿಲ್ 2, ಲೆಕ್ಕ ನವೆಂಬರ್ 23. ಎರಡೇ ವರ್ಷದಲ್ಲಿ ಮೂರು ವಾರದ ವ್ಯತ್ಯಾಸ! ಕಳೆದ ವರ್ಷ ಬಿತ್ತಿದ ತಾರೀಖನ್ನೇ ಈ ವರ್ಷವೂ ಹಿಡಿದುಕೊಂಡರೆ ತೇರು ಮುಗಿದ ಮೇಲೆ ದವನ ಬರುತ್ತೆ.

ಹೊಲದಲ್ಲಿ ಬೆಳೆಯೋರು ಸಾಮಾನ್ಯವಾಗಿ ನವೆಂಬರ್‌ನಲ್ಲೇ ಬಿತ್ತಿ ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಕೊಯ್ತಾರೆ. ತಂಪಿನಲ್ಲಿ ಬೆಳೆದ ಗಿಡ ಚೆನ್ನಾಗಿ ತುಂಬಿಕೊಳ್ಳುತ್ತೆ. ಹುಣ್ಣಿಮೆ ತಡವಾಗಿ ಬರೋ ವರ್ಷ ಹದಿನೈದು ದಿನ ಅಂತರದಲ್ಲಿ ಎರಡು ಸಲ ಬಿತ್ತೋದು ಒಳ್ಳೇದು. ಮೊದಲ ಬ್ಯಾಚ್ ಬೇಗ ಬಂದರೆ ಚಿಂತೆ ಇಲ್ಲ, ನೆರಳಲ್ಲಿ ಒಣಗಿಸಿದ ದವನಕ್ಕೂ ಪರಿಮಳ ಉಳಿಯುತ್ತೆ.

ಬಿತ್ತೋದು, ನಾಟಿ ಮಾಡೋದು

ಬೀಜ ತುಂಬಾ ಸಣ್ಣದು. ಉಸಿರು ಜೋರಾಗಿ ಬಿಟ್ಟರೂ ಹಾರುತ್ತೆ. ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಒದ್ದೆ ಮಾಡಿ 48 ಗಂಟೆ ಇಡಿ. ಆಮೇಲೆ ಒಣ ಮರಳಿನ ಜೊತೆ ಬೆರೆಸಿ ತಟ್ಟೆಯ ಮಣ್ಣಿನ ಮೇಲೆ ಉದುರಿಸಿ. ಮೇಲೆ ಚಿಟಿಕೆಯಷ್ಟು ಮರಳು ಸಾಕು, ಆಳಕ್ಕೆ ಹೋದ ಬೀಜ ಮೇಲೆ ಬರಲ್ಲ. ನೀರನ್ನ ಚೊಂಬಿನಿಂದ ಸುರಿಯಬೇಡಿ, ಸ್ಪ್ರೇ ಬಾಟಲಿಯಿಂದ ಹನಿಸಿ. ನಾಲ್ಕೈದು ದಿನದಲ್ಲಿ ಹಸಿರು ಕಾಣುತ್ತೆ.

ಈ ಹಂತದ ದೊಡ್ಡ ಶತ್ರು ಅತಿಯಾದ ನೀರು. ತೇವ ನಿಂತರೆ ಸಸಿಗಳ ಬುಡ ಕೊಳೆತು ಸಾಲಾಗಿ ಮಲಗಿಬಿಡುತ್ತವೆ. ಬೇಲೂರಿನ ಕಡೆ ನವೆಂಬರ್‌ನಲ್ಲೂ ಹಿಂಗಾರು ಮಳೆ ಬರೋದುಂಟು. ಹೊಲದವರಿಗೆ ಅದು ನಷ್ಟ. ನಮಗಾದರೆ ತಟ್ಟೆಯನ್ನ ಸೂರಿನ ಕೆಳಗೆ ಎಳೆದುಕೊಂಡರೆ ಆಯ್ತು. ಕುಂಡದಲ್ಲಿ ಬೆಳೆಯೋದರ ದೊಡ್ಡ ಲಾಭ ಇದೇ.

ಸಸಿ ನಾಲ್ಕು ಬೆರಳೆತ್ತರ ಆದಮೇಲೆ, ಆರೇಳು ವಾರಕ್ಕೆ, ಸಂಜೆ ಹೊತ್ತು ಕುಂಡಕ್ಕೆ ನಾಟಿ ಮಾಡಿ. ಮಣ್ಣಿನ ಅಳತೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ ಆದರೆ ನುಣ್ಣನೆ ಪುಡಿ ಹೋಗೋ ಹಾಗೆ ತೊಳೆದು ಹಾಕಿ, ಇಲ್ಲದಿದ್ದರೆ ಮಣ್ಣು ಗಟ್ಟಿ ಕೂರುತ್ತೆ. ಹಳೇ ಬಕೆಟ್ ಆದರೂ ನಡೆಯುತ್ತೆ, ತಳದಲ್ಲಿ ನಾಲ್ಕೈದು ತೂತು ಇರಬೇಕು ಅಷ್ಟೇ.

ಒಂದು ಕುಂಡಕ್ಕೆ ಎಷ್ಟು ಗಿಡ? ಹೊಲದಲ್ಲಿ 15 ಸೆಂ.ಮೀ. ಸಾಲು, 7.5 ಸೆಂ.ಮೀ. ಅಂತರ ಕೊಡ್ತಾರೆ. ಅಂದ್ರೆ ಗಿಡಕ್ಕೆ 112.5 ಚದರ ಸೆಂ.ಮೀ. ಬಾಯಿ 30 ಸೆಂ.ಮೀ. ಅಗಲ ಇರೋ ಕುಂಡದ ವಿಸ್ತೀರ್ಣ ಸುಮಾರು 707 ಚದರ ಸೆಂ.ಮೀ. ಭಾಗಿಸಿದರೆ ಆರು ಗಿಡ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮೇಲ್ಮಣ್ಣು ಮುಟ್ಟಿ ಒಣಗಿದ್ದರೆ ಮಾತ್ರ ನೀರು. ಮಾರ್ಚ್ ಬಂದಮೇಲೆ ಮಧ್ಯಾಹ್ನ ಅರೆನೆರಳು ಕೊಡಿ, ಅದರಲ್ಲೂ ಅರಸೀಕೆರೆ ಕಡೆ. ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ಕುಂಡದ ಪಕ್ಕ ಸ್ವಲ್ಪ ಎತ್ತರದಲ್ಲಿ ನೀರಿನ ಬಕೆಟ್ ಇಟ್ಟು, ದಪ್ಪ ಹತ್ತಿ ಬತ್ತಿಯ ಒಂದು ತುದಿ ನೀರಲ್ಲಿ, ಇನ್ನೊಂದು ತುದಿ ಮಣ್ಣಲ್ಲಿ ಹೂಳಿ. ಕ್ಯಾಪಿಲರಿ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಹೊರಡೋಕೆ ಎರಡು ದಿನ ಮುಂಚೆಯೇ ಇಟ್ಟು ಪರೀಕ್ಷೆ ಮಾಡಿ.

ಯಾವಾಗ ಕೊಯ್ಯೋದು?

ದವನದ ಪರಿಮಳ ಅದರ ಎಣ್ಣೆಯಲ್ಲಿದೆ. ಎಣ್ಣೆಯ ಮುಖ್ಯ ಅಂಶಕ್ಕೆ ಡಾವನೋನ್ ಅಂತ ಹೆಸರು, ದವನ ಅನ್ನೋ ನಮ್ಮ ಮಾತಿನಿಂದಲೇ ಬಂದದ್ದು. ಉಗಿ ಹಾಯಿಸಿ ಬಟ್ಟಿ ಇಳಿಸಿದ ಈ ಎಣ್ಣೆ ಸುಗಂಧ ದ್ರವ್ಯ ತಯಾರಿಸೋರಿಗೆ ಬೇಕು. ಹೂ ಅರಳುವ ಹೊತ್ತಿಗೆ ಎಣ್ಣೆ ಹೆಚ್ಚಿರುತ್ತೆ. ಹಾಗಾಗಿ ಮೊಗ್ಗು ಬಿರಿಯೋಕೆ ಶುರುವಾದಾಗ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕತ್ತರಿಯಿಂದ ಕೊಯ್ಯಿರಿ. ಒಣಗಿಸೋದಿದ್ದರೆ ನೆರಳಲ್ಲಿ ಹರಡಿ, ಬಿಸಿಲಲ್ಲಿ ಪರಿಮಳ ಹಾರಿಹೋಗುತ್ತೆ.

ಎರಡು ಗಿಡ ಬಿಡಿ

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ತೇರಿನ ಖುಷಿಯಲ್ಲಿ ಎಲ್ಲಾ ಗಿಡ ಕೊಯ್ದುಬಿಟ್ಟರೆ ಮುಂದಿನ ವರ್ಷಕ್ಕೆ ಏನೂ ಉಳಿಯಲ್ಲ. ಮಾಚಿಪತ್ರೆ ಬೇರಿನಿಂದ ಮತ್ತೆ ಚಿಗುರುತ್ತೆ, ದವನ ಬೀಜದಲ್ಲಿ ಮಾತ್ರ ದಾಟುತ್ತೆ. ಅದೂ ಒಂದು ವರ್ಷದ ಸೇತುವೆ. ಒಂದು ಋತು ಬಿತ್ತನೆ ತಪ್ಪಿದರೆ ಡಬ್ಬಿಯ ಬೀಜ ಕೈಕೊಡುತ್ತೆ.

ಅದಕ್ಕೆ ಕುಂಡದ ಆರರಲ್ಲಿ ಗಟ್ಟಿಯಾದ ಎರಡು ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ಕೊಯ್ಯದೇ ಬಿಡಿ. ಉದುರಿ ಹೋದವರೂ ಕೇಳಿಕೊಂಡು ಬಂದವರೂ ಆ ದಾರ ನೋಡಿ ಕೈ ಹಾಕದಿರಲಿ. ಏಪ್ರಿಲ್-ಮೇ ಸಂಜೆ ಮಳೆಗೆ ಬೀಜ ನೆನೆಯದಂತೆ ಕುಂಡವನ್ನ ಒಳಗಿಡಿ. ಹೂಗೊಂಚಲು ಕಂದು ಬಣ್ಣಕ್ಕೆ ತಿರುಗಿ ಒಣಗಿದಾಗ ಪೇಪರ್ ಕವರ್ ಒಳಗೆ ಬಗ್ಗಿಸಿ ಕೈಯಿಂದ ಉಜ್ಜಿ. ಹೊಟ್ಟು ಜರಡಿ ಹಿಡಿದು, ನೆರಳಲ್ಲಿ ಆರಿಸಿ, ಕಾಗದದಲ್ಲಿ ಮಡಚಿ, ಮೇಲೆ ವರ್ಷ ಬರೆದು, ತೇವ ತಾಗದ ಡಬ್ಬಿಯಲ್ಲಿಡಿ.

ಎರಡು ಗಿಡದ ಬೀಜ ಒಬ್ಬರಿಗೆ ಬೇಕಾದ್ದಕ್ಕಿಂತ ಜಾಸ್ತಿ. ಅರ್ಧ ಚಮಚ ಇಟ್ಟುಕೊಂಡು ಉಳಿದದ್ದನ್ನ ಜೂನಿಯರ್‌ಗಳಿಗೆ, ಪಕ್ಕದ ಮನೆಯವರಿಗೆ ಕೊಡಿ. ನಿಮ್ಮ ಕುಂಡ ಒಂದು ವರ್ಷ ಕೈಕೊಟ್ಟರೂ ಅವರಲ್ಲಿ ಹೊಸ ಬೀಜ ಇರುತ್ತೆ. ಕೊಡುವಾಗ ಬಿತ್ತನೆ ಲೆಕ್ಕವನ್ನೂ ಜೊತೆಗೆ ಹೇಳಿ: ಹುಣ್ಣಿಮೆಯಿಂದ 130 ದಿನ ಹಿಂದಕ್ಕೆ.